ಎಂಟನೆಯ ಬಿರುಕು

ಗೆರೆರಾಯರ ಬಾಯಿಂದ ಆ ಮಾತು ಹೊರಬಿದ್ದದ್ದು ಒಂದು ಭಾನುವಾರ ಬೆಳಿಗ್ಗೆ, ಷಡ್ಡಕನ ಹೊಸ ಸೋಫಾದಲ್ಲಿ ಹೂತುಹೋಗಿ ಕೂತಿದ್ದಾಗ. ಆ ಸೋಫಾ ಒಂದಿಷ್ಟು ಗಟ್ಟಿಯಾಗಿದ್ದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ ಎಂದು ಅವರ ಹೆಂಡತಿ ಈಗಲೂ ಹೇಳುತ್ತಾಳೆ. ಸೋಫಾದಲ್ಲಿ ಮುಳುಗಿದ ಮನುಷ್ಯ ಏನನ್ನಾದರೂ ಹಿಡಿದುಕೊಂಡು ಮೇಲೆ ಬರಲೇಬೇಕಲ್ಲ; ಗೆರೆರಾಯರ ಕೈಗೆ ಸಿಕ್ಕಿದ್ದು ಭೂಕಂಪ.

ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ. ನಲ್ಲಿ, ಬೇಸಿನ್ನುಗಳ ವ್ಯಾಪಾರಿ. ಹೊಸ ಮನೆಗೆ ಹೋದಂದಿನಿಂದ ಅವನಿಗೆ ಬಂದವರನ್ನು ಕೂರಿಸಿಕೊಂಡು ಮನೆಯ ಗುಣಗಾನ ಮಾಡುವ ಖಯಾಲಿ ಹತ್ತಿಕೊಂಡಿತ್ತು. ಅಂದು ಕಿಟಕಿ ತೋರಿಸಿದ, ಕಿಟಕಿಯಿಂದ ಕಾಣುವ ಬೆಟ್ಟ ತೋರಿಸಿದ, ಬೆಟ್ಟ ಕಾಣದಂತೆ ಎಳೆಯುವ ಪರದೆಯನ್ನೂ ತೋರಿಸಿದ. ಕೊನೆಗೆ ಸೋಫಾದ ಮೇಲಿಂದ ಬಗ್ಗಿ ಕೇಳಿದ: "ನಿಮ್ಮ ಆ ಹಳೇ ಬಿಲ್ಡಿಂಗ್‌ನಲ್ಲಿ ಏನಿದೆಯಯ್ಯಾ ಅಂಥಾದ್ದು?"

ಗೆರೆರಾಯರು ಹೆಂಡತಿಯ ಮುಖ ನೋಡಿದರು. ಅವಳು ಚಹಾದ ಲೋಟದೊಳಗೆ ನೋಡುತ್ತಿದ್ದಳು. ಇನ್ನು ಸುಮ್ಮನಿದ್ದರೆ ಮನೆಗೆ ಹೋದ ಮೇಲೆ ಮಾತು ಕೇಳಬೇಕಾಗುತ್ತದೆ ಎಂದು ಅವರಿಗೆ ಖಾತ್ರಿಯಾಯಿತು.

"ನಮ್ಮ ಬಿಲ್ಡಿಂಗ್ ಕೆಳಗೆ ಭೂಕಂಪ ಇದೆ, ಭಾವ," ಅಂದುಬಿಟ್ಟರು.

ಕೋಣೆಯಲ್ಲಿ ಹತ್ತು ಕ್ಷಣ ಯಾರೂ ಉಸಿರೆತ್ತಲಿಲ್ಲ. ಗೆರೆರಾಯರ ಮಾತಿಗೆ ಹತ್ತು ಕ್ಷಣದ ಮೌನ ಸಿಕ್ಕಿದ್ದು ಅವರ ಐವತ್ತಾರು ವರ್ಷದ ಬಾಳಿನಲ್ಲಿ ಅದೇ ಮೊದಲು. ಅದು ಅವರಿಗೆ ಬಹಳ ರುಚಿಸಿತು. ತಪ್ಪಾದದ್ದು ಅಲ್ಲೇ.

ಹಾಗೆಂದು ಅವರು ಹೇಳಿದ್ದು ಸುಳ್ಳಲ್ಲ. ಅವರ ಮಟ್ಟಿಗಂತೂ ಅಪ್ಪಟ ನಿಜ. ನಗರದ ನಕ್ಷೆ ಕಚೇರಿಯಲ್ಲಿ ಅವರು ಇಪ್ಪತ್ತೆರಡು ವರ್ಷದಿಂದ ಗೆರೆ ಎಳೆಯುತ್ತಿದ್ದರು. ಅದಕ್ಕೇ ಆ ಹೆಸರು. ಚರಂಡಿಗೆ ನೀಲಿ, ರಸ್ತೆಗೆ ಕಪ್ಪು, ತೋಟಕ್ಕೆ ಹಸಿರು. ಯಾವ ಗೆರೆ, ಯಾಕೆ ಎಂದು ಯಾರೂ ಕೇಳಿದ್ದಿಲ್ಲ. ಒಡಹುಟ್ಟಿದ ಅಕ್ಕನಿಗೂ ಅವರು ಒಂದು ನಕ್ಷೆಯನ್ನೂ ತೋರಿಸಿದವರಲ್ಲ. ಹಿಂದಿನ ವಾರ ಭೂವಿಜ್ಞಾನಿ ಮೇಡಂ ಒಬ್ಬರು ತಮ್ಮ ಸಂಸ್ಥೆಯಿಂದ ಒಂದು ಹಾಳೆ ತಂದು ಕಚೇರಿಗೆ ಕೊಟ್ಟುಹೋಗಿದ್ದರು. ಊರಿನ ಬೀದಿ, ಕಟ್ಟಡಗಳ ಸಮೇತ, ನೆಲದೊಳಗೆ ಬಂಡೆ ಸೀಳಿಕೊಂಡಿರುವ ಜಾಗಗಳ ಹಾಳೆ. ಭೂಮಿ ಅಲುಗಿದರೆ ಅಲುಗುವುದು ಆ ಬಿರುಕುಗಳ ಉದ್ದಕ್ಕೇ ಎಂದು ಜೊತೆಯ ಪತ್ರದಲ್ಲಿತ್ತು. ಅವನ್ನು ನಗರದ ನಕ್ಷೆಗೆ ಇಳಿಸುವುದು ಗೆರೆರಾಯರ ಕೆಲಸ.

ಈ ಕೆಲಸಕ್ಕೆ ಒಂದು ಕ್ರಮವಿದೆ. ಗಾಜಿನ ಮೇಜು, ಒಳಗೆ ದೀಪ. ಕೆಳಗೆ ಅವರ ಹಾಳೆ, ಮೇಲೆ ನಮ್ಮ ತೆಳು ಹಾಳೆ. ಕೆಳಗೆ ಕಂಡದ್ದೆಲ್ಲ ಮೇಲೆ ಬರಬೇಕು; ಬಿಡುವಂತಿಲ್ಲ, ಸೇರಿಸುವಂತಿಲ್ಲ, ಯೋಚಿಸುವಂತಂತೂ ಇಲ್ಲವೇ ಇಲ್ಲ. ಯೋಚಿಸಿದವರ ಗೆರೆ ನಡುಗುತ್ತದೆ ಎನ್ನುವುದು ಆ ವಿಭಾಗದ ಅನುಭವ. ಗೆರೆರಾಯರು ದೀಪ ಹಾಕಿದರು. ಊರಾಚೆ ಬೆಟ್ಟದ ಕಡೆ ಏಳು ಬಿರುಕು ಕಂಡವು, ಎಳೆದರು. ಹಾಳೆಯ ನಡುವೆ, ಮೂಲೆಯಿಂದ ಮೂಲೆಗೆ ಓರೆಯಾಗಿ, ಎಂಟನೆಯದೊಂದು ಕಂಡಿತು. ಸ್ವಲ್ಪ ಕಂದು ಬಣ್ಣ. ಅದನ್ನೂ ಕೆಂಪು ಶಾಯಿಯಲ್ಲಿ ಎಳೆದರು. ಅರ್ಧ ದಾರಿಯಲ್ಲಿ ಲೇಖನಿ ತಮ್ಮದೇ ಬೀದಿಗೆ ಬಂತು, ತಮ್ಮದೇ ಬಿಲ್ಡಿಂಗಿನೊಳಕ್ಕೆ ಹೊಕ್ಕಿತು. ನೆಲಮಹಡಿಯಲ್ಲಿ ಅಕ್ಕನ ಹೊಲಿಗೆ ಅಂಗಡಿಯ ಮೇಲೆ ಹಾದು ಆಚೆ ಹೋಯಿತು. ಗೆರೆರಾಯರ ಬೆನ್ನಲ್ಲಿ ಛಳಕು ಹೊಡೆದದ್ದು ನಿಜ. ಆದರೆ ಛಳಕಿನ ಹಿಂದೆಯೇ ಒಂದು ಸಣ್ಣ ಜಂಬವೂ ಬಂತು. ಇಡೀ ಊರಿನಲ್ಲಿ ಬಿರುಕು ಆರಿಸಿಕೊಂಡದ್ದು ತಮ್ಮ ಮನೆಯನ್ನಲ್ಲವೇ!

ಷಡ್ಡಕ ಚೇತರಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ. "ಆ ಗೆರೆ ನಮ್ಮ ಕಡೆ ಬರಲ್ವಾ?"

"ಇಲ್ಲ ಭಾವ. ಎರಡು ಮೈಲಿ ದೂರ."

"ಒಂದು ಸಣ್ಣ ಕವಲೂ ಇಲ್ವಾ? ಸರಿಯಾಗಿ ನೋಡಿದ್ಯಾ?"

ಇಲ್ಲ ಎಂದಾಗ ಷಡ್ಡಕನ ಮುಖ ಹುಳ್ಳಗಾಯಿತು. ಗೆರೆರಾಯರ ಹೆಂಡತಿ ಲೋಟದಿಂದ ಮುಖ ಎತ್ತಿ, ಮದುವೆಯಾದ ಹೊಸತರಲ್ಲಿ ನೋಡಿದಂತೆ ಗಂಡನನ್ನು ನೋಡಿದಳು.

ಮಧ್ಯಾಹ್ನದ ಹೊತ್ತಿಗೆ ಆಕೆ ಮೆಟ್ಟಿಲ ಮೇಲೆ ನಾಲ್ವರಿಗೆ ಹೇಳಿದಳು. ಸಂಜೆಗೆ ಬಿಲ್ಡಿಂಗಿನ ಸಂಘದ ಅಧ್ಯಕ್ಷರು ತಾರಸಿಯ ಮೇಲೆ ಸಭೆ ಕರೆದರು. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರು. ನಿವೃತ್ತಿಯಾದ ದಿನದಿಂದ ಅವರ ಸೀಟಿ ಮೇಜಿನ ಖಾನೆಯಲ್ಲಿ ಬಿದ್ದಿತ್ತು. ಅಂದು ಮತ್ತೆ ಕೊರಳಿಗೆ ಬಂತು.

"ಗೆರೆ ಎಲ್ಲಿಂದ ಎಲ್ಲಿಗೆ ಹೋಗುತ್ತೆ, ನಡೆದು ತೋರಿಸಿ," ಎಂದರು.

ಗೆರೆರಾಯರು ಮುಂದೆ, ಮೂವತ್ತು ಜನ ಹಿಂದೆ. ಗೇಟಿನಿಂದ ಹೊರಟು, ಅಕ್ಕನ ಅಂಗಡಿ ದಾಟಿ, ಮೆಟ್ಟಿಲ ಬುಡಕ್ಕೆ ಬಂದು, ಹಿತ್ತಲ ಗೋಡೆಗೆ ಮುಟ್ಟಿಸಿದರು. ಹೆಡ್‌ಮಾಸ್ತರು ಅದರ ಮೇಲೆ ಸೀಮೆಸುಣ್ಣದಿಂದ ಗೀಟು ಹಾಕಿದರು. ಅಂದಿನಿಂದ ಬಿಲ್ಡಿಂಗು ಎರಡಾಯಿತು, ಆಚೆ ಬದಿಯವರು ಮತ್ತು ಈಚೆ ಬದಿಯವರು. ಆಚೆ ಬದಿಯವಳೊಬ್ಬಳು ಈಚೆ ಬದಿಗೆ ಬಂದು, "ನೆಲ ಬಾಯಿ ಬಿಟ್ಟಮೇಲೆ ನೀವು ಆ ಕಡೆ, ನಾವು ಈ ಕಡೆ ಆಗ್ತೀವಿ, ನಮ್ಮ ಏಣಿ ಕೊಟ್ಟುಬಿಡಿ," ಎಂದಳು. ಏಣಿಯ ಹಿಂದೆ ಛತ್ರಿ, ಛತ್ರಿಯ ಹಿಂದೆ ಸುತ್ತಿಗೆ ಹೊರಟವು. ಹನ್ನೊಂದು ವರ್ಷದಿಂದ ಎರವಲು ಹೋಗಿದ್ದ ಸಾಮಾನೆಲ್ಲ ಎರಡು ದಿನದಲ್ಲಿ ಸ್ವಸ್ಥಾನ ಸೇರಿತು. ಮೂರನೇ ಮಹಡಿಯ ಹಲ್ಲಿನ ವೈದ್ಯನಿಗೆ ಮಾತ್ರ ಪೀಕಲಾಟ. ಅವನ ಕುರ್ಚಿ ಆಚೆ ಬದಿಗೆ, ಸಲಕರಣೆ ಈಚೆ ಬದಿಗೆ ಬಂದಿತ್ತು. ಬಾಯಿ ತೆರೆದು ಕೂತ ರೋಗಿಗಳಿಗೆ ಅವನು ಮೊದಲು ಓಡುವ ದಾರಿ ತೋರಿಸಿ ಆಮೇಲೆ ಹಲ್ಲು ನೋಡತೊಡಗಿದ.

ಯಾರಿಗೂ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಕೂತರೂ ಕುರ್ಚಿಯ ತುದಿಗೇ. ಗೋಡೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದ ಸೀಳುಗಳನ್ನು ಈಗ ದಿನಕ್ಕೆ ಮೂರು ಸಲ ಅಳೆದರು. ಮುಚ್ಚದ ಬಾಗಿಲೆಲ್ಲ ಪುರಾವೆಯಾಯಿತು. ಸರಿಯಾಗಿ ಮುಚ್ಚುವ ಬಾಗಿಲಿದ್ದವರು ಒಳಗೊಳಗೇ ಕೊರಗಿದರು. ಹೆಡ್‌ಮಾಸ್ತರ ಅಪ್ಪಣೆಯಂತೆ ಪ್ರತಿ ಮನೆಯಲ್ಲೂ ಒಂದು ಲೋಟದ ತುಂಬ ನೀರು ಇಟ್ಟು ಅದನ್ನು ದಿಟ್ಟಿಸುತ್ತ ಕೂರುವ ಸರದಿ ಶುರುವಾಯಿತು. ನೀರು ಅಲುಗಿದರೆ ಕೂಗಬೇಕು, ಕೂಗಿದರೆ ಸೀಟಿ, ಸೀಟಿ ಕೇಳಿದರೆ ಎಲ್ಲರೂ ಮೇಜಿನ ಕೆಳಗೆ. ಎರಡನೇ ಸೀಟಿಗೆ ಅಂಗಳಕ್ಕೆ.

ನೀರು ದಿನಕ್ಕೆ ಇಪ್ಪತ್ತು ಸಲ ಅಲುಗುತ್ತಿತ್ತು. ಕಾರಣ ನೆಲದ ಕೆಳಗಲ್ಲ, ನೆಲಮಹಡಿಯಲ್ಲೇ ಇತ್ತು. ಅಕ್ಕ ಹೊಲಿಗೆ ಯಂತ್ರ ತುಳಿದಾಗಲೆಲ್ಲ ಮೇಲಿನ ಮೂರು ಮಹಡಿಯ ಲೋಟಗಳಲ್ಲಿ ಅಲೆ ಏಳುತ್ತಿತ್ತು. ಅವಳು ಒಂದು ತೋಳು ಹೊಲಿದು ಮುಗಿಸುವಷ್ಟರಲ್ಲಿ ಇಡೀ ಬಿಲ್ಡಿಂಗು ಅಂಗಳದಲ್ಲಿ ಬಂದು ನಿಂತಿರುತ್ತಿತ್ತು.

"ಅಕ್ಕಾವ್ರೇ, ಸ್ವಲ್ಪ ದಿನ ಮಿಷನ್ ನಿಲ್ಲಿಸಿ," ಎಂದರು ಹೆಡ್‌ಮಾಸ್ತರು.

"ಭೂಕಂಪ ಬಂದಾಗ ನೀವು ಓಡೋದು ಪೈಜಾಮದಲ್ಲಿ ತಾನೆ? ಅದರ ಲಾಡಿ ಪಟ್ಟಿ ಹಾಕ್ತಾ ಇದ್ದೀನಿ. ನಿಲ್ಲಿಸ್ಲಾ?" ಎಂದಳು ಅಕ್ಕ.

ಅಕ್ಕನಿಗೆ ಅರವತ್ತೆಂಟು. ತಾಯಿತಂದೆ ಹೋದಾಗ ಗೆರೆರಾಯರಿಗೆ ಒಂಬತ್ತು ವರ್ಷ. ಆ ಯಂತ್ರವನ್ನು ತುಳಿದೇ ಅವಳು ತಮ್ಮನನ್ನು ಓದಿಸಿದ್ದು, ಕೆಲಸಕ್ಕೆ ಸೇರಿಸಿದ್ದು, ಅವನಿಗೆ ಹೆಣ್ಣು ನೋಡಿದ್ದು. ಬೀದಿಗೆ ಮುಖವಾದ ಮುಂದಿನ ಕೋಣೆ ಅವಳ ಅಂಗಡಿ, ಹಿಂದಿನ ಅರ್ಧ ಕೋಣೆ ಅವಳ ಮನೆ. ಆ ಜಾಗ ಬಿಟ್ಟರೆ ಅವಳಿಗೆ ಪ್ರಪಂಚದಲ್ಲಿ ಬೇರೆ ಜಾಗವಿರಲಿಲ್ಲ. ತಮ್ಮನ ಮನೆ ಎರಡನೇ ಮಹಡಿಯಲ್ಲಿತ್ತು ನಿಜ. ಆದರೆ ಅಲ್ಲಿ ನಾದಿನಿ ಇದ್ದಳು. ಇಬ್ಬರ ನಡುವೆ ಒಂದು ಮಹಡಿ ಇದ್ದದ್ದರಿಂದಲೇ ಮಾತುಕತೆ ಉಳಿದಿತ್ತು.

ಇಷ್ಟರಲ್ಲೇ ನಿಂತಿದ್ದರೆ ಇದೊಂದು ವಾರದ ತಮಾಷೆಯಾಗಿ ಮುಗಿಯುತ್ತಿತ್ತು. ಆದರೆ ಹೆಡ್‌ಮಾಸ್ತರು ಮೂವತ್ತೆರಡು ಸಹಿ ಹಾಕಿಸಿ ನಕ್ಷೆ ಕಚೇರಿಗೆ ಅರ್ಜಿ ಕೊಟ್ಟರು: ನಿಮ್ಮದೇ ನಕ್ಷೆಯಲ್ಲಿರುವ ಬಿರುಕಿನ ಬಗ್ಗೆ ನೀವು ಕೈಗೊಂಡ ಕ್ರಮವೇನು?

ಕಚೇರಿಯ ದೊಡ್ಡ ಸಾಹೇಬರು ಆ ನಕ್ಷೆಗೆ ಸಹಿ ಹಾಕಿ ಆಗಲೇ ನಾಲ್ಕು ದಿನವಾಗಿತ್ತು. ಅವರ ಕೆಳಗಿನವರು, ಅವರ ಕೆಳಗಿನವರು, ಹೀಗೆ ಒಟ್ಟು ಮೂರು ಸಹಿ. ಅರ್ಜಿ ಬಂದ ಮೇಲೆ ಸಾಹೇಬರು ನಕ್ಷೆಯನ್ನು ಮೊದಲ ಬಾರಿಗೆ ಬಿಡಿಸಿ ನೋಡಿದರು. ಊರಿನ ನಟ್ಟನಡುವೆ ಕೆಂಪು ಗೆರೆ ನೋಡಿ ಎದ್ದು ನಿಂತರು.

"ಇಂಥಾ ದೊಡ್ಡ ಬಿರುಕು ನಮ್ಮ ಕಚೇರಿಯಲ್ಲಿ ಪತ್ತೆಯಾಗಿದೆ, ನನಗೆ ಯಾರೂ ಹೇಳಲೇ ಇಲ್ವಲ್ರೀ!" ಎಂದು ಹಿಗ್ಗಿದರು. ಆಮೇಲೆ ಹಿಗ್ಗನ್ನು ಅದುಮಿ, ಗಾಬರಿಯನ್ನು ಮುಖಕ್ಕೆ ತಂದುಕೊಂಡು, ಆದೇಶ ಬರೆಸಿದರು. ಗೆರೆಯ ನೆತ್ತಿಯ ಮೇಲೇ ಇರುವ ನೆಲಮಹಡಿಯ ಅಂಗಡಿಯನ್ನು ಶುಕ್ರವಾರ ಹನ್ನೊಂದು ಗಂಟೆಗೆ ತೆರವು ಮಾಡಿಸಿ ಬೀಗಮುದ್ರೆ ಹಾಕತಕ್ಕದ್ದು. ಮಿಕ್ಕ ಮನೆಗಳ ವಿಷಯ ಅಧ್ಯಯನದ ನಂತರ.

ಗೆರೆರಾಯರು ಆದೇಶದ ಮೇಲೆ ಬೆರಳಿಟ್ಟರು. "ಸಾರ್, ಆ ಅಂಗಡಿ..."

"ನಿಮ್ಮ ಮನೆ ಅಲ್ಲೇ ಅಲ್ವೇನ್ರೀ? ಒಳ್ಳೇದಾಯ್ತು. ಸಂಜೆ ಹೋಗ್ತಾ ಅಂಟಿಸಿಬಿಡಿ."

ಹೀಗೆ, ಅಕ್ಕನ ಕೈಯಲ್ಲಿ ಉಂಡು ಬೆಳೆದ ತಮ್ಮ ಅಕ್ಕನ ಬಾಗಿಲಿಗೆ ನೋಟೀಸು ಅಂಟಿಸುವ ಕಾಲ ಬಂತು. ಅಕ್ಕ ಕನ್ನಡಕ ಹಣೆಗೇರಿಸಿ ಹೊಸ್ತಿಲಲ್ಲಿ ನಿಂತು ನೋಡಿದಳು.

"ಆ ಮೂಲೆ ಎದ್ದಿದೆ. ಇನ್ನೊಂಚೂರು ಗೋಂದು ಹಚ್ಚು," ಎಂದಳು.

"ಅಕ್ಕಾ, ಮೇಲೆ ನಮ್ಮನೆಗೆ ಬಂದುಬಿಡು."

"ಬಿರುಕು ಮೆಟ್ಟಿಲು ಹತ್ತಲ್ವಾ?"

"ಅಕ್ಕಾ, ಹುಡುಗಾಟ ಅಲ್ಲ ಇದು. ಶುಕ್ರವಾರ ಬೀಗ ಹಾಕ್ತಾರೆ."

"ಹಾಕಲಿ. ನಾನು ಒಳಗಿರ್ತೀನಿ. ಹೊರಗಿಂದ ಹಾಕಿಕೊಳ್ಳಲಿ."

ಅಂಗಳದಲ್ಲಿ ನೆರೆಹೊರೆಯವರ ಮುಖದಲ್ಲಿ ಮಾತ್ರ ಅಂದು ನೆಮ್ಮದಿ ಕಂಡಿತು. ಕೊನೆಗೂ ಯಾರೋ ಏನೋ ಕ್ರಮ ಕೈಗೊಂಡರಲ್ಲ! ಆ ಕ್ರಮ ಬೇರೆಯವರ ಬಾಗಿಲಿಗೆ ಅಂಟಿದ್ದು ನೆಮ್ಮದಿಯನ್ನು ಇಮ್ಮಡಿ ಮಾಡಿತ್ತು. ಹೆಡ್‌ಮಾಸ್ತರು ಗೆರೆರಾಯರ ಬೆನ್ನು ತಟ್ಟಿ, "ಸ್ವಂತ ಅಕ್ಕ ಅಂತಾನೂ ನೋಡಲಿಲ್ಲ. ಭೇಷ್!" ಎಂದರು. ಬೆನ್ನು ತಟ್ಟಿಸಿಕೊಳ್ಳಬೇಕೆಂದು ಜನ್ಮವಿಡೀ ಹಂಬಲಿಸಿದ್ದ ಗೆರೆರಾಯರಿಗೆ ಆ ತಟ್ಟು ಬೆನ್ನಿಗೆ ಗುದ್ದಿದಂತಾಯಿತು.

ಬುಧವಾರ ಅವರು ಒಂದು ದೊಡ್ಡ ಸಾಹಸ ಮಾಡಿದರು. ಮೇಡಂ ಕೊಟ್ಟಿದ್ದ ಮೂಲ ಹಾಳೆಯನ್ನು ಸುರುಳಿ ಸುತ್ತಿ, ಛತ್ರಿಯ ಜೊತೆ ಕಂಕುಳಲ್ಲಿಟ್ಟುಕೊಂಡು, ಊಟದ ಬಿಡುವಿನಲ್ಲಿ ಅಕ್ಕನ ಅಂಗಡಿಗೆ ಓಡಿದರು. ಕಣ್ಣಾರೆ ಕಂಡರೆ ಅಕ್ಕ ಒಪ್ಪುತ್ತಾಳೆ, ಎದ್ದು ಬರುತ್ತಾಳೆ ಎನ್ನುವುದು ಅವರ ಆಸೆ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾಳೆ ಹರಡಿ, ಬೆರಳಿಟ್ಟು ತೋರಿಸಿದರು.

"ನೋಡು, ಇವು ಏಳು ಬೆಟ್ಟದ ಕಡೆ. ಇದು ಎಂಟನೇದು. ನೇರ ನಿನ್ನ ಮಿಷನ್ ಕೆಳಗೆ."

ಅಕ್ಕ ಕನ್ನಡಕ ಇಳಿಸಿದಳು. ಹಾಳೆಯ ಮೇಲೆ ಬಗ್ಗಿದಳು. ಉಗುರಿನಿಂದ ಆ ಕಂದು ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದಳು. ಹಾಳೆಯನ್ನು ತಿರುವಿ ಹಿಂದೆಯೂ ಸವರಿದಳು. ಆಮೇಲೆ ತಮ್ಮನ ಮುಖ ನೋಡಿದಳು.

"ಇದು ಮಡಿಕೆ ಕಣೋ."

"ಏನಂದೆ?"

"ಹಾಳೆ ಮಡಚಿದ ಗುರುತು. ಯಾರೋ ಅವಸರದಲ್ಲಿ ಸೊಟ್ಟಗೆ ಮಡಚಿದ್ದಾರೆ, ಮಡಿಕೇಲಿ ಧೂಳು ಕೂತಿದೆ. ಬಟ್ಟೆ ಅಂಗಡಿಯಿಂದ ಬಂದ ಪೀಸಿನಲ್ಲಿ ದಿನಾ ನೋಡ್ತೀನಿ. ಅದಕ್ಕೇ ಇಸ್ತ್ರಿ ಹಾಕದೆ ನಾವು ಬಟ್ಟೆಗೆ ಗುರುತೇ ಹಾಕಲ್ಲ. ಮಡಿಕೇನೇ ಗುರುತು ಅಂದ್ಕೊಂಡು ಕತ್ತರಿಸಿದ್ರೆ ತೋಳು ಕತ್ತಿಗೆ ಬರುತ್ತೆ."

ಗೆರೆರಾಯರು ಬೇಡ ಎನ್ನುವಷ್ಟರಲ್ಲಿ ಅಕ್ಕ ಒಣ ಬಟ್ಟೆಯಿಂದ ಧೂಳು ಒರೆಸಿ, ಮೇಲೊಂದು ತೆಳು ಒದ್ದೆ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆ ಎಳೆದಳು. ಒಂದು ಸಲ, ಎರಡು ಸಲ. ಬಟ್ಟೆ ತೆಗೆದಳು. ಏಳು ಬಿರುಕು ಇದ್ದಲ್ಲೇ ಇದ್ದವು. ಎಂಟನೆಯದು ಇರಲಿಲ್ಲ.

ಗೆರೆರಾಯರು ಕತ್ತರಿ ಇಡುವ ಸ್ಟೂಲಿನ ಮೇಲೆ ಕೂತುಬಿಟ್ಟರು. ಸದ್ಯ, ಕತ್ತರಿ ಆಗ ಮೇಜಿನ ಮೇಲಿತ್ತು. ಇಪ್ಪತ್ತೆರಡು ವರ್ಷ ಕಂಡದ್ದನ್ನೆಲ್ಲ ಎಳೆದ ಕೈ ಅದು. ಇನ್ನೂ ಏನೇನು ಮಡಿಕೆಗಳನ್ನು ರಸ್ತೆ ಮಾಡಿದೆನೋ, ಯಾವ ಚಹಾದ ಕಲೆಯನ್ನು ಕೆರೆ ಮಾಡಿದೆನೋ ಎಂದು ಅವರು ಆ ಕೈಯನ್ನು ತಿರುವಿ ತಿರುವಿ ನೋಡಿಕೊಂಡರು. ಆದರೆ ಅದಕ್ಕಿಂತ ಮುಖ್ಯವಾದ ವಿಷಯ ಒಂದಿತ್ತು. ಶುಕ್ರವಾರಕ್ಕೆ ಇನ್ನು ಎರಡೇ ದಿನ.

"ಈಗಲೇ ಹೋಗಿ ಹೇಳ್ತೀನಿ ಅಕ್ಕಾ. ನನ್ನದೇ ತಪ್ಪು ಅಂತ ಹೇಳ್ತೀನಿ. ಕೆಲಸ ಹೋದ್ರೂ ಹೋಗಲಿ."

"ಮೊದಲು ನೀರು ಕುಡಿ," ಎಂದಳು ಅಕ್ಕ.

ತಪ್ಪು ಮಾಡುವುದಕ್ಕೆ ಅರ್ಧ ಗಂಟೆ ಸಾಕಾಗಿತ್ತು. ಒಪ್ಪಿಕೊಳ್ಳುವುದು ಅಷ್ಟು ಸುಲಭವಲ್ಲ ಎಂದು ಅವರಿಗೆ ಗೊತ್ತಾದದ್ದು ದೊಡ್ಡ ಸಾಹೇಬರ ಮುಂದೆ ನಿಂತಾಗ.

"ಏನ್ರೀ ಹೇಳ್ತಿದ್ದೀರಿ? ಬಿರುಕೇ ಇಲ್ವಾ? ಮೂರು ಸಹಿ ಆಗಿದೆ!"

"ಸಾರ್, ಅದು ಮಡಿಕೆ."

"ಎಲ್ಲಿದೆ ಮಡಿಕೆ? ತೋರಿಸಿ."

ಗೆರೆರಾಯರು ಹಾಳೆ ಬಿಡಿಸಿದರು. ಹಾಳೆ ಹೊಸ ಅಂಗಿಯಂತೆ ನುಣುಪಾಗಿತ್ತು.

"ಇಲ್ಲ ಸಾರ್. ಅಕ್ಕ ಇಸ್ತ್ರಿ ಹಾಕಿದಳು."

ಸಾಹೇಬರು ನಿಧಾನವಾಗಿ ಕನ್ನಡಕ ತೆಗೆದರು. ಅವರ ನೋಟಕ್ಕೆ ವಿಷಯ ಹಗಲಿನಷ್ಟು ಸ್ಪಷ್ಟವಾಗಿ ಕಂಡಿತು. ನೋಟೀಸು ಹೋದದ್ದು ಈ ಮನುಷ್ಯನ ಅಕ್ಕನಿಗೆ. ಮೂಲ ಹಾಳೆಯನ್ನು ಕದ್ದೊಯ್ದದ್ದು ಈ ಮನುಷ್ಯ. ಹೋಗುವಾಗ ಎಂಟು ಬಿರುಕಿದ್ದ ಹಾಳೆ ಬರುವಾಗ ಏಳಕ್ಕೆ ಇಳಿದಿದೆ. "ಅಂದ್ರೆ, ಸರ್ಕಾರಿ ಬಿರುಕನ್ನ ಇಸ್ತ್ರಿ ಹಾಕಿ ಅಳಿಸಿದ್ದೀರಿ," ಎಂದರು.

ಅಂದೇ ಸಂಜೆ ವಿಚಾರಣೆಯ ಆದೇಶ ಸಿದ್ಧವಾಯಿತು. ಆರೋಪ: ಕಚೇರಿಯ ವಶದಲ್ಲಿದ್ದ ಒಂದು ಭೂಬಿರುಕನ್ನು ಮನೆಯವರ ನೆರವಿನಿಂದ ನಾಶಪಡಿಸಿದ್ದು. ವಿಚಾರಣೆ ಶುಕ್ರವಾರ ಹನ್ನೊಂದಕ್ಕೆ, ಸ್ಥಳದಲ್ಲೇ. ಸಾಕ್ಷಿಗೆ ಭೂವಿಜ್ಞಾನಿ ಮೇಡಂ ಬರತಕ್ಕದ್ದು. ಬೆಟ್ಟದಲ್ಲಿ ಕಂಪನ ಅಳೆಯುವ ಯಂತ್ರಗಳ ಜೊತೆ ಇದ್ದ ಅವರಿಗೆ ತುರ್ತು ಸಂದೇಶ ಹೋಯಿತು.

ಬಿಲ್ಡಿಂಗಿನಲ್ಲೂ ಗೆರೆರಾಯರು ಮನೆಮನೆಗೆ ಹೋಗಿ ಹೇಳಿದರು. "ಬಿರುಕಿಲ್ಲ, ನಾನೇ ತಪ್ಪು ಎಳೆದೆ." ಯಾರೂ ನಂಬಲಿಲ್ಲ. ಹಲ್ಲಿನ ವೈದ್ಯ ಅವರ ನಾಡಿ ಹಿಡಿದು ನೋಡಿದ. ಹೆಡ್‌ಮಾಸ್ತರು, "ಅಕ್ಕನ ಮೇಲಿನ ಮಮಕಾರ, ಪಾಪ," ಎಂದು ಎಲ್ಲರಿಗೂ ಅರ್ಥಮಾಡಿಸಿದರು. ಆಚೆ ಬದಿಯವರು, ಈಚೆ ಬದಿಯವರು ಮೊದಲ ಬಾರಿಗೆ ಒಂದಾಗಿ, ಇದ್ದ ಬಿರುಕನ್ನು ಇಲ್ಲವೆನ್ನಲು ಇವರು ಯಾರು ಎಂದು ಸಿಟ್ಟಾದರು. ಷಡ್ಡಕ ಮಾತ್ರ ಫೋನಿನಲ್ಲಿ ತಕ್ಷಣ ನಂಬಿದ. "ನನಗೆ ಅವತ್ತೇ ಗೊತ್ತಿತ್ತು ಕಣಯ್ಯಾ. ನಿಮ್ಮ ಬಿಲ್ಡಿಂಗಿಗೆಲ್ಲಿಂದ ಬರಬೇಕು ಅಂಥಾದ್ದು!" ಎಂದು ನಕ್ಕ. ಹೆಂಡತಿ ಎರಡು ದಿನ ಲೋಟದೊಳಗೇ ನೋಡುತ್ತ ಚಹಾ ಕುಡಿದಳು.

ಶುಕ್ರವಾರ ಬಂತು. ಹನ್ನೊಂದಕ್ಕೆ ಸರಿಯಾಗಿ ದೊಡ್ಡ ಸಾಹೇಬರು ಜೀಪಿನಿಂದ ಇಳಿದರು. ಅರಗು, ಮೊಹರು, ಬೀಗ ಹಿಡಿದ ಇಬ್ಬರು ಹಿಂದೆ ಇಳಿದರು. ಮೂವತ್ತೆರಡು ಜನ ಅಂಗಳದಲ್ಲಿ ಸೀಮೆಸುಣ್ಣದ ಗೀಟಿನ ಆಚೀಚೆ ಸಾಲಾಗಿ ನಿಂತಿದ್ದರು. ಒಳಗೆ ಅಕ್ಕ ತನ್ನ ಪಾಡಿಗೆ ಯಂತ್ರ ತುಳಿಯುತ್ತಿದ್ದಳು. ಅಂಗಡಿಯ ಬಾಗಿಲಿಗೆ ಅಡ್ಡಲಾಗಿ, ಎರಡೂ ಕೈ ಚಾಚಿ, ಬೆವರುತ್ತ ನಿಂತಿದ್ದವರು ಗೆರೆರಾಯರು. ಅವರು ಯಾವುದಕ್ಕಾದರೂ ಅಡ್ಡ ನಿಂತದ್ದನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ.

"ಸರೀರಿ ಪಕ್ಕಕ್ಕೆ," ಎಂದರು ಸಾಹೇಬರು.

"ಇಲ್ಲ ಸಾರ್. ತಪ್ಪು ನಂದು. ಬೀಗ ಹಾಕೋದಾದ್ರೆ ನನಗೆ ಹಾಕಿ."

ಬೀಗ ಹಿಡಿದವನು ಗೆರೆರಾಯರನ್ನು ಮೇಲಿಂದ ಕೆಳಗೆ ನೋಡಿದ. ಎಲ್ಲಿ ಹಾಕುವುದೆಂದು ತೋಚದೆ ಬೀಗವನ್ನು ಕೈಯಿಂದ ಕೈಗೆ ಬದಲಿಸಿದ. ಅಷ್ಟರಲ್ಲಿ ಮೇಡಂ ಬಂದರು. ಮೊಣಕಾಲವರೆಗೆ ಮಣ್ಣು, ಹೆಗಲಲ್ಲಿ ತೊಗಲಿನ ಚೀಲ. ಬಂದವರೇ ನಕ್ಷೆ ನೋಡಿದರು, ಹುಬ್ಬೇರಿಸಿದರು.

"ನಾನು ಕೊಟ್ಟದ್ದು ಏಳು. ಇದು ಯಾವುದು?"

"ಅದನ್ನೇ ಇವರು ಅಳಿಸಿದ್ದು, ಮೇಡಂ," ಎಂದರು ಸಾಹೇಬರು. "ನಮ್ಮ ನಕ್ಷೆಯಲ್ಲಿ ಎಂಟಿದೆ, ಮೂರು ಸಹಿ ಇದೆ. ಬಹುಶಃ ನಿಮಗೇ ಒಂದು ಮರೆತಿರಬೇಕು."

"ಬಿರುಕು ಮರೆಯೋಕೆ ಅದೇನು ಛತ್ರೀನಾ?" ಎಂದು ಮೇಡಂ ದನಿ ಏರಿಸಿದರು. ಸಾಹೇಬರೂ ಏರಿಸಿದರು. ಸಹಿ ದೊಡ್ಡದೋ ಬಂಡೆ ದೊಡ್ಡದೋ ಎನ್ನುವ ಮಟ್ಟಕ್ಕೆ ಮಾತು ಹೋಯಿತು. ಮೂವತ್ತೆರಡು ಜನ ತಲೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿದರು.

ಒಳಗೆ ಯಂತ್ರ ನಿಂತಿತು. ಅಕ್ಕ ಹೊರಗೆ ಬಂದಳು, ತಮ್ಮನ ಚಾಚಿದ ತೋಳಿನ ಕೆಳಗೆ ಬಗ್ಗಿ.

"ಮೇಡಂ, ಈ ಹಾಳೇನ ಆ ಚೀಲದಲ್ಲಿ ತಂದ್ರಾ?"

"ಹೌದು."

"ಹಿಡಿಸ್ತಾ?"

"ಇಲ್ಲ. ಬಸ್ಸು ಹೊರಟುಬಿಟ್ಟಿತ್ತು, ಹೇಗೋ ಮಡಚಿ ತುರುಕಿದೆ," ಎಂದ ಮೇಡಂ ಅರ್ಧಕ್ಕೆ ನಿಂತು ನಾಲಗೆ ಕಚ್ಚಿಕೊಂಡರು.

ಅಕ್ಕ ಮೂಲ ಹಾಳೆಯನ್ನು ಸಾಹೇಬರ ಕೈಯಿಂದ ತೆಗೆದುಕೊಂಡಳು. ಚೀಲದ ಅಗಲಕ್ಕೆ ಹಿಡಿದು ಸೊಟ್ಟಗೆ ಮಡಚಿ, ಹೆಬ್ಬೆರಳ ಉಗುರಿನಿಂದ ಒತ್ತಿ ಬಿಡಿಸಿದಳು. ಎಂಟನೆಯ ಬಿರುಕು ಎಲ್ಲರ ಕಣ್ಣೆದುರಿಗೇ ಹುಟ್ಟಿ, ಬೀದಿ ಹಾದು ಅಂಗಡಿಯ ಮೇಲೆ ಬಂದು ನಿಂತಿತು. ಮೂವತ್ತೆರಡು ಜನ "ಹಾ!" ಎಂದರು.

"ಇದು... ಕಾಕತಾಳೀಯ ಇರಬಹುದು," ಎಂದರು ಸಾಹೇಬರು, ಸಹಿಗಳನ್ನು ನೆನೆದು.

"ಇರಬಹುದು ಸ್ವಾಮಿ. ನಿಮ್ಮ ಕಚೇರಿ ಎಲ್ಲಿದೆ ಇದರಲ್ಲಿ? ಇದಾ?" ಅಕ್ಕ ಹಾಳೆ ತಿರುಗಿಸಿ ಇನ್ನೊಂದು ಕಡೆಯಿಂದ ಮಡಚಿದಳು. "ಈಗ ನಿಮ್ಮ ಕಚೇರಿ ಕೆಳಗೆ ಬಂತು. ನಿಮ್ಮ ಮನೆ ಎಲ್ಲಿ, ಹೇಳಿ? ಸಂಜೆವರೆಗೂ ನನಗೇನೂ ಕೆಲಸ ಇಲ್ಲ, ಎಷ್ಟು ಬಿರುಕು ಬೇಕೋ ಅಷ್ಟು ಹಾಕಿಕೊಡ್ತೀನಿ. ಎಲ್ಲದಕ್ಕೂ ಸಹಿ ಮಾಡಿ, ಎಲ್ಲ ಕಡೆ ಬೀಗ ಹಾಕಿಸಿಕೊಂಡು ಬನ್ನಿ. ಕೊನೆಗೆ ನನ್ನ ಅಂಗಡಿಗೆ ಬನ್ನಿ."

ಸಾಹೇಬರು ತಮ್ಮ ಕಚೇರಿಯ ಮೇಲೆ ಹಾದುಹೋದ ಮಡಿಕೆಯನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ಅದನ್ನು ಮೆಲ್ಲಗೆ ಉಜ್ಜಿದರು. ಹೋಗಲಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು, ಮಡಿಕೆಗಳನ್ನು ಬಿರುಕೆಂದು ಪರಿಗಣಿಸುವುದು ಕಚೇರಿಯ ನೀತಿಯಲ್ಲ ಎಂದು ಘೋಷಿಸಿದರು. ನೋಟೀಸನ್ನು ತಾವೇ ಕಿತ್ತರು. ಗೋಂದು ಚೆನ್ನಾಗಿ ಹಚ್ಚಿದ್ದರಿಂದ ಅದು ಬರಲು ಸ್ವಲ್ಪ ಹೊತ್ತು ಹಿಡಿಯಿತು. ವಿಚಾರಣೆ ಅಲ್ಲಿಗೇ ಮುಗಿಯಿತು; ಗೆರೆರಾಯರು ಸೋಮವಾರ ಬಂದು ನಕ್ಷೆಯನ್ನು ಹೊಸದಾಗಿ ಬರೆಯತಕ್ಕದ್ದು ಎಂದಾಯಿತು.

ಅಂಗಳದಲ್ಲಿ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಬಿರುಕು ಹೋದದ್ದಕ್ಕೆ ಸಂತೋಷಪಡಬೇಕೆಂದು ಗೊತ್ತಿದ್ದರೂ, ನಮ್ಮದೇ ಎಂದು ಇದ್ದ ಒಂದು ವಸ್ತು ಕೈಬಿಟ್ಟು ಹೋದಂತೆ ಎಲ್ಲರಿಗೂ ಕಸಿವಿಸಿ. ಇನ್ನು ಸೀಟಿಗೆ ಮೇಜಿನ ಕೆಳಗೆ ಓಡುವ ಕೆಲಸವಿಲ್ಲ ಎನ್ನುತ್ತ ಹೆಡ್‌ಮಾಸ್ತರು ಅದನ್ನು ಕೊರಳಿಂದ ತೆಗೆಯಲು ಹೋದಾಗ ಮೇಡಂ ತಡೆದರು.

"ಯಾಕೆ ತೆಗೀತೀರಿ? ಮಿಕ್ಕ ಏಳು ನಿಜವಾದವೇ. ಬೆಟ್ಟದಲ್ಲಿ ಅಲುಗಿದ್ರೆ ಊರಿಗೆ ತಟ್ಟಲ್ವಾ? ಮೇಜಿನ ಕೆಳಗೆ ಕೂರೋದು ಕಲೀರಿ ಅಂತ ಇಪ್ಪತ್ತು ವರ್ಷದಿಂದ ಬಾಯಿ ಬಡ್ಕೊಳ್ತಿದ್ದೀನಿ, ಒಬ್ಬರೂ ಕಲೀಲಿಲ್ಲ. ನೀವೊಬ್ಬರೇ ಕಲಿತಿರೋದು. ಅದೂ ನನ್ನ ಮಡಿಕೆಯಿಂದ."

ಹೆಡ್‌ಮಾಸ್ತರು ಒಂದು ಕ್ಷಣ ಯೋಚಿಸಿ, ಸೀಟಿಯನ್ನು ಮತ್ತೆ ಹಾಕಿಕೊಂಡು, ಊದಿಯೇಬಿಟ್ಟರು. ಮೂವತ್ತೆರಡು ಜನ ಮೇಜು ಹುಡುಕುತ್ತ ಓಡಿದರು. ಆ ಗದ್ದಲದಲ್ಲಿ ಜೀಪು ಹೋದದ್ದು ಯಾರಿಗೂ ತಿಳಿಯಲಿಲ್ಲ.

ಗೆರೆರಾಯರು ಅಂಗಡಿಯೊಳಗೆ ಬಂದು ಕತ್ತರಿಸುವ ಮೇಜಿಗೆ ಒರಗಿದರು. ಸೀಟಿಯ ಅಭ್ಯಾಸಬಲದಿಂದ ಅವರೂ ಬಗ್ಗಿ ಮೇಜಿನ ಕೆಳಗೆ ನುಸುಳಿದರು. ನುಸುಳಿ ನೋಡಿದರೆ ಅಲ್ಲಿ ಜಾಗವಿರಲಿಲ್ಲ. ಒಂದು ಚಾಪೆ ಹಾಸಿತ್ತು. ಎರಡು ದಿಂಬು. ಮುಚ್ಚಳ ಬಿಗಿದ ನೀರಿನ ಕೊಡ, ಒಂದು ಟಾರ್ಚು, ಬಿಸ್ಕತ್ತಿನ ಪೊಟ್ಟಣ. ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಗೆರೆರಾಯರ ಹಳೆಯ ಕನ್ನಡಕ.

ಅವರು ಅಲ್ಲಿಂದಲೇ ತಲೆ ಹೊರಗೆ ಹಾಕಿದರು. "ಅಕ್ಕಾ, ಇದೆಲ್ಲ ಯಾವಾಗ ಇಟ್ಟೆ?"

"ನೀನು ಹೆಡ್‌ಮಾಸ್ತರಿಗೆ ಗೆರೆ ನಡೆದು ತೋರಿಸಿದೆಯಲ್ಲ, ಅವತ್ತೇ."

"ಅಂದ್ರೆ ನೀನು ನಂಬಿದ್ದೆಯಾ? ಎಲ್ಲರನ್ನೂ ಗೇಲಿ ಮಾಡ್ತಿದ್ದೆ!"

"ಹಾಳೆ ನೋಡೋವರೆಗೂ ನಂಬಿದ್ದೆ. ನೀನು ಎಳೆದ ಗೆರೆ ಅಂದ್ಮೇಲೆ ನಂಬದೇ ಇರ್ತೀನಾ?" ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು, ಇತ್ತ ನೋಡಲಿಲ್ಲ.

"ಮತ್ತೆ ಎದ್ದು ಹೋಗಲಿಲ್ಲ ಯಾಕೆ? ನೋಟೀಸು ಅಂಟಿಸಿದ್ರೂ, ಅಷ್ಟು ಬೇಡಿಕೊಂಡ್ರೂ?"

"ನೀನು ಮೇಲಿನ ಮಹಡೀಲಿ ಇದ್ದೆಯಲ್ಲೋ. ನೆಲ ಅಲುಗಿದ್ರೆ ನೀನು ಓಡಿ ಬರೋದು ಎಲ್ಲಿಗೆ? ಇಲ್ಲಿಗೇ ತಾನೆ. ನೀನು ಬಂದಾಗ ಬಾಗಿಲಿಗೆ ಬೀಗ ಇದ್ರೆ?"

ಇಪ್ಪತ್ತೆರಡು ವರ್ಷದಿಂದ ತನ್ನ ಗೆರೆಯನ್ನು ಯಾರಾದರೂ ನಂಬಲಿ ಎಂದು ಹಂಬಲಿಸಿದ್ದ ಮನುಷ್ಯ ಅವರು. ಊರಿಗೆ ಊರೇ ನಂಬಿ ಕುಣಿದಾಗ ಬಾರದ ಅಳು ಈಗ ಬಂತು. ಮೇಜಿನ ಕೆಳಗಿದ್ದುದರಿಂದ ಯಾರಿಗೂ ಕಾಣಲಿಲ್ಲ. ಮೂಗು ಒರೆಸಿಕೊಂಡು, ಕೊಡವನ್ನು ಹೊರಗೆ ತಳ್ಳಲು ಹೋದರು. "ತೆಗೆದುಬಿಡ್ಲಾ ಇದನ್ನೆಲ್ಲ?"

"ಇರಲಿ ಬಿಡೋ," ಎಂದಳು ಅಕ್ಕ. "ಇನ್ನೂ ಏಳಿವೆಯಂತಲ್ಲ."

ಅವಳು ಯಂತ್ರದ ಮುಂದೆ ಕೂತು ತುಳಿಯತೊಡಗಿದಳು. ಕೊಡದ ನೀರು ಸಣ್ಣಗೆ ಅಲುಗಿತು. ಗೆರೆರಾಯರು ಒಂದು ದಿಂಬನ್ನು ಬೆನ್ನಿಗೆ ಕೊಟ್ಟುಕೊಂಡು, ಬಿಸ್ಕತ್ತಿನ ಪೊಟ್ಟಣ ಬಿಚ್ಚಿ, ಎರಡನೇ ಸೀಟಿಯವರೆಗೂ ಅಲ್ಲೇ ಕೂತಿದ್ದರು.